ಅಳತೆಗೆ ಸಿಗದ ಕೋನವನ್ನು ತಿಳಿಯುವ ಬಗೆ

(ಉಪನ್ಯಾಸದ ಪಾಠ)

ಚೆನ್ನೈ ಮಹಾನಗರದ ದಕ್ಷಿಣ ಭಾಗದಲ್ಲಿರುವ ಶೋಳಿಂಗನಲ್ಲೂರ್ ಇಂದು ಗಣಕ ತಂತ್ರಾಂಶ ಸಂಸ್ಥೆಗಳ ಬಹುಮಹಡಿ ಕಟ್ಟಡಗಳಿಗೆ ಹೆಸರಾದ ಪ್ರದೇಶ. ಅದರ ಪೂರ್ವಕ್ಕೆ ಬಕಿಂಗ್‌ಹ್ಯಾಮ್ ಕಾಲುವೆ, ಅದರಾಚೆಗೆ ಬಂಗಾಳ ಕೊಲ್ಲಿ. ವಾಯವ್ಯಕ್ಕೆ ಪಳ್ಳಿಕರಣೈ ಜೌಗುನೆಲ. ಪಶ್ಚಿಮಕ್ಕೆ ಅನತಿ ದೂರದಲ್ಲಿ ಪೆರುಂಬಾಕ್ಕಂ. ನೆಲವು ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರುಗಳಷ್ಟು ಎತ್ತರದಲ್ಲಿದ್ದು, ಕಣ್ಣಿಗೆ ಸಂಪೂರ್ಣ ಸಮತಟ್ಟಾಗಿ ಕಾಣುತ್ತದೆ. ಭಾರತದ ನೆಲವನ್ನು ತ್ರಿಕೋನಗಳಿಂದ ಅಳೆದ ಮಹಾಕಾರ್ಯವೊಂದು ಈ ಬಯಲಿನ ನೆರೆಯಲ್ಲಿಯೇ ಆರಂಭವಾಯಿತು ಎಂಬುದು ಇಲ್ಲಿ ದಿನನಿತ್ಯ ಓಡಾಡುವವರಲ್ಲಿ ಅನೇಕರಿಗೆ ತಿಳಿದಿರಲಾರದು.

1802ನೇ ಇಸವಿ ಏಪ್ರಿಲ್ 10ರಂದು ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ, ತಮಿಳಿನಲ್ಲಿ ಪರಂಗಿಮಲೈ ಎನ್ನಲಾಗುವ ಸೇಂಟ್ ಥಾಮಸ್ ಮೌಂಟ್ ಬಳಿಯ ಬಯಲಿನಿಂದ ದಕ್ಷಿಣಾಭಿಮುಖವಾಗಿ ಪೆರುಂಬಾಕ್ಕಂ ಗುಡ್ಡದ ದಿಕ್ಕಿಗೆ ಒಂದು ಸರಳರೇಖೆಯನ್ನು ಅಳೆಯತೊಡಗಿದನು. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿ ಪಾಲ್ಗೊಂಡಿದ್ದ ಈತನು, ಪರ್ಯಾಯದ್ವೀಪದ ಅಗಲವನ್ನು ತೀರದಿಂದ ತೀರಕ್ಕೆ ಕರಾರುವಾಕ್ಕಾಗಿ ಅಳೆಯುವ ಯೋಜನೆಯನ್ನು ಸರ್ಕಾರದ ಮುಂದಿಟ್ಟಿದ್ದನು. ಈ ರೇಖೆಯ ಉದ್ದ ಸುಮಾರು 40,006 ಅಡಿ, ಎಂದರೆ 12 ಕಿಲೋಮೀಟರಿಗಿಂತ ತುಸು ಹೆಚ್ಚು. ಅಳತೆಗೆ ಬಳಸಿದ್ದು 100 ಅಡಿಯ ಉಕ್ಕಿನ ಸರಪಣಿ. ಆ ಸರಪಣಿಯನ್ನು ಒಂದರ ಮುಂದೊಂದರಂತೆ 400 ಬಾರಿ ಹಾಸಬೇಕಾಯಿತು. ಬಿಸಿಲಿಗೆ ಉಕ್ಕು ಹಿಗ್ಗಿ ಅಳತೆ ತಪ್ಪಬಾರದೆಂದು ಸರಪಣಿಯನ್ನು ಮರದ ಪೆಟ್ಟಿಗೆಗಳಲ್ಲಿಟ್ಟು, ಉಷ್ಣಮಾಪಕದಿಂದ ಅದರ ತಾಪವನ್ನು ಗುರುತಿಸಿಕೊಳ್ಳಲಾಗುತ್ತಿತ್ತು. ಕೆಲಸ ಮುಗಿಯಲು 57 ದಿನಗಳು ಹಿಡಿದವು.

ಇಷ್ಟು ಎಚ್ಚರದಿಂದ ಅಳೆದರೂ ಒಂದು ತೊಡಕು ಉಳಿಯುತ್ತದೆ. ಭೂಪಟಕ್ಕೆ ಬೇಕಾದುದು ಸಮತಲದ ಉದ್ದ. ನೆಲವಾದರೋ ಎಲ್ಲೆಡೆಯೂ ಸಮತಲವಾಗಿರುವುದಿಲ್ಲ. 100 ಅಡಿಯ ಸರಪಣಿಯ ಒಂದು ತುದಿ ಇನ್ನೊಂದಕ್ಕಿಂತ 3 ಅಡಿ ಮೇಲಿದೆ ಎಂದು ಭಾವಿಸೋಣ. ಆಗ ಸರಪಣಿಯು ಒಂದು ಲಂಬಕೋನ ತ್ರಿಭುಜದ ವಿಕರ್ಣವಾಗುತ್ತದೆ. 3 ಅಡಿಯ ಏರು ಅದರ ಎತ್ತರ. ಬೇಕಾದ ಸಮತಲದ ಉದ್ದ ಅದರ ಪಾದ. ಲೆಕ್ಕ ಹಾಕಿದರೆ ಪಾದವು 99.955 ಅಡಿ ಆಗುತ್ತದೆ. ವ್ಯತ್ಯಾಸ ಅರ್ಧ ಅಂಗುಲಕ್ಕಿಂತ ತುಸು ಹೆಚ್ಚು. ಇದು ಅಲ್ಪವೆಂದು ಬಿಟ್ಟುಬಿಟ್ಟರೆ, ಇಂತಹ 400 ಸರಪಣಿಗಳಿಗೆ ಒಟ್ಟು ತಪ್ಪು ಸುಮಾರು 18 ಅಡಿ ಆದೀತು. ಆದುದರಿಂದ ಪ್ರತಿಯೊಂದು ಏರು ಮತ್ತು ಇಳಿಜಾರಿನ ಕೋನವನ್ನು ತಿಳಿಯುವುದು ಅನಿವಾರ್ಯವಾಗಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಕೋನವನ್ನು ತಿಳಿಯುವ ಬಗೆ ಯಾವುದು ಎಂಬುದೇ ಈ ಉಪನ್ಯಾಸದ ವಿಷಯ.

ಮೂರು ಅನುಪಾತಗಳು

ಒಂದು ಕೋನವು 90 ಡಿಗ್ರಿ ಆಗಿರುವ ತ್ರಿಭುಜವೇ ಲಂಬಕೋನ ತ್ರಿಭುಜ. ಲಂಬಕೋನದ ಎದುರಿಗಿರುವ, ಎಲ್ಲಕ್ಕಿಂತ ಉದ್ದವಾದ ಬಾಹು ವಿಕರ್ಣ. ಉಳಿದ ಎರಡು ಲಘುಕೋನಗಳಲ್ಲಿ ಯಾವುದನ್ನು ತಿಳಿಯಬೇಕಾಗಿದೆಯೋ ಅದರ ಎದುರಿಗಿರುವ ಬಾಹು ಅಭಿಮುಖ ಬಾಹು. ಆ ಕೋನಕ್ಕೆ ಹೊಂದಿಕೊಂಡಿರುವ, ವಿಕರ್ಣವಲ್ಲದ ಬಾಹು ಪಾರ್ಶ್ವಬಾಹು. ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ದೊರೆಯುವುದು ಸೈನ್. ಪಾರ್ಶ್ವಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಕೊಸೈನ್. ಅಭಿಮುಖ ಬಾಹುವನ್ನು ಪಾರ್ಶ್ವಬಾಹುವಿನಿಂದ ಭಾಗಿಸಿದರೆ ಟ್ಯಾಂಜೆಂಟ್, ಸಂಕ್ಷೇಪವಾಗಿ ಟ್ಯಾನ್.

ಈ ಅನುಪಾತಗಳ ಮಹತ್ತ್ವವಿರುವುದು ಅವುಗಳ ಸ್ಥಿರತೆಯಲ್ಲಿ. ತ್ರಿಭುಜವು ಅಂಗೈಯಷ್ಟಿರಲಿ, ಬೆಟ್ಟದಷ್ಟಿರಲಿ, ಕೋನವು ಒಂದೇ ಆಗಿದ್ದರೆ ಅನುಪಾತವೂ ಒಂದೇ. 30 ಡಿಗ್ರಿಯ ಸೈನ್ ಎಲ್ಲಿಯೂ 0.5 ಆಗಿರುತ್ತದೆ. ಆದುದರಿಂದ ಇದರ ವಿಲೋಮವೂ ಸತ್ಯ: ಲಂಬಕೋನ ತ್ರಿಭುಜದಲ್ಲಿ ಅಭಿಮುಖ ಬಾಹುವು ವಿಕರ್ಣದ ಅರ್ಧದಷ್ಟಿದ್ದರೆ, ಕೋನಕ್ಕೆ ಯಾವ ಉಪಕರಣವನ್ನೂ ತಾಗಿಸದೆ ಅದು 30 ಡಿಗ್ರಿ ಎಂದು ಹೇಳಬಹುದು. ಬಾಹುಗಳನ್ನು ಅಳೆದು, ಭಾಗಿಸಿ, ಕೋಷ್ಟಕದಲ್ಲಿ ಆ ಅನುಪಾತಕ್ಕೆ ಎದುರಾಗಿರುವ ಕೋನವನ್ನು ಓದಿಕೊಳ್ಳುವುದೇ ಕ್ರಮ. ಇಂದು ಕೋಷ್ಟಕದ ಕೆಲಸವನ್ನು ಕ್ಯಾಲ್ಕುಲೇಟರು ಮಾಡುತ್ತದೆ. ಸರಪಣಿಯ ಉದಾಹರಣೆಯಲ್ಲಿ 3ನ್ನು 100ರಿಂದ ಭಾಗಿಸಿದರೆ ಸೈನ್ 0.03. ಅದಕ್ಕೆ ಸರಿಹೊಂದುವ ಕೋನ 1.72 ಡಿಗ್ರಿ.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಎರಡು ಸ್ಥಳಗಳಿವೆ. ವಿಲೋಮ ಸೈನ್ ಎಂಬುದು ವ್ಯುತ್ಕ್ರಮವಲ್ಲ. 0.5ರ ವ್ಯುತ್ಕ್ರಮ 2, ಆದರೆ 0.5ರ ವಿಲೋಮ ಸೈನ್ 30 ಡಿಗ್ರಿ. ಎರಡನೆಯದಾಗಿ, ಕ್ಯಾಲ್ಕುಲೇಟರು ಡಿಗ್ರಿಯ ಬದಲು ರೇಡಿಯನ್ ಮಾನದಲ್ಲಿದ್ದರೆ ಇದೇ ಲೆಕ್ಕಕ್ಕೆ 0.52 ಎಂಬ ಉತ್ತರ ಬರುತ್ತದೆ. ಹಾಗೆಯೇ, ಸೈನ್ ಅಥವಾ ಕೊಸೈನ್ 1ಕ್ಕಿಂತ ಹೆಚ್ಚಾಗಿ ಬಂದರೆ ಅಳತೆಯಲ್ಲಿಯೋ ಭಾಗಾಕಾರದಲ್ಲಿಯೋ ತಪ್ಪಿದೆ ಎಂದು ತಿಳಿಯಬೇಕು. ವಿಕರ್ಣಕ್ಕಿಂತ ಉದ್ದವಾದ ಬಾಹು ಆ ತ್ರಿಭುಜದಲ್ಲಿ ಇರಲಾರದು.

ಯಾವ ಅನುಪಾತವನ್ನು ಬಳಸಬೇಕೆಂಬುದನ್ನು ತಿಳಿದಿರುವ ಬಾಹುಗಳೇ ನಿರ್ಧರಿಸುತ್ತವೆ. ಮೂರು ಬಾಹುಗಳನ್ನೂ ಅಳೆಯಲು ಸಾಧ್ಯವಿರುವಾಗ ಮಾತ್ರ ವಿವೇಚನೆ ಬೇಕು. 85 ಡಿಗ್ರಿಯ ಸೈನ್ 0.996, 90 ಡಿಗ್ರಿಯ ಸೈನ್ 1. ಐದು ಡಿಗ್ರಿಗಳ ಅಂತರವು ಅನುಪಾತದಲ್ಲಿ ನೂರಕ್ಕೆ ಅರ್ಧದಷ್ಟೂ ವ್ಯತ್ಯಾಸ ತರುವುದಿಲ್ಲ. ಆದುದರಿಂದ ಕಡಿದಾದ ಕೋನವನ್ನು ಸೈನ್‌ನಿಂದ ಹುಡುಕಿದರೆ ಅಳತೆಯ ಅಲ್ಪ ದೋಷವೂ ಕೋನದಲ್ಲಿ ದೊಡ್ಡ ದೋಷವಾಗುತ್ತದೆ. ಅಲ್ಲಿ ಕೊಸೈನ್ ಲೇಸು. ಬಹು ಸಣ್ಣ ಕೋನಗಳಿಗೆ ಸೈನ್ ಅಥವಾ ಟ್ಯಾನ್ ಲೇಸು.

ಜ್ಯಾ ಎಂಬ ಹಳೆಯ ಹೆಸರು

ಈ ಅನುಪಾತಗಳು ಭಾರತಕ್ಕೆ ಹೊರಗಿನಿಂದ ಬಂದ ವಿದ್ಯೆಯಲ್ಲ. 499ರಲ್ಲಿ ರಚಿತವಾದ 'ಆರ್ಯಭಟೀಯ'ದಲ್ಲಿ ಆರ್ಯಭಟನು 90 ಡಿಗ್ರಿಯನ್ನು 24 ಸಮಭಾಗಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಅರ್ಧಜ್ಯಾವನ್ನು ಪಡೆಯುವ ಸಂಖ್ಯೆಗಳನ್ನು ಕೊಟ್ಟಿದ್ದಾನೆ. ಜ್ಯಾ ಎಂದರೆ ಬಿಲ್ಲಿನ ಹೆದೆ. 'ಜೀವಾ' ಎಂಬ ಅದರ ಪರ್ಯಾಯ ಪದವು ಅರಬ್ಬೀ ಭಾಷೆಗೆ ಹೋಗಿ, ಅಲ್ಲಿ 'ಜೈಬ್' ಎಂದು ಓದಲ್ಪಟ್ಟು, 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ 'ಸೈನಸ್' ಎಂದು ಅನುವಾದಗೊಂಡು, ಕೊನೆಗೆ 'ಸೈನ್' ಆಗಿ ನಮ್ಮ ಪಠ್ಯಪುಸ್ತಕಗಳಿಗೆ ಹಿಂದಿರುಗಿತು. ಕನ್ನಡ ನಾಡಿನಲ್ಲಿ, 9ನೇ ಶತಮಾನದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದ ಕೊನೆಯ ಅಧ್ಯಾಯವನ್ನು ನೆರಳಿನ ಲೆಕ್ಕಕ್ಕೇ ಮೀಸಲಿಟ್ಟನು. 12ನೇ ಶತಮಾನದ ರಾಜಾದಿತ್ಯನು ಕ್ಷೇತ್ರಗಣಿತವನ್ನು ಕನ್ನಡದಲ್ಲಿಯೇ ಬರೆದನು.

ಆರ್ಯಭಟನ ಲೆಕ್ಕದಲ್ಲಿ ವೃತ್ತದ ತ್ರಿಜ್ಯ 3438. ಡಿಗ್ರಿಯ ಅರವತ್ತನೆಯ ಒಂದು ಭಾಗವಾದ ಮಿನಿಟಿನ ಲೆಕ್ಕದಲ್ಲಿ ಇದನ್ನು ಕೊಡಲಾಗಿದೆ. 60ರಿಂದ ಭಾಗಿಸಿದರೆ 57.3 ಡಿಗ್ರಿ. ಈ ಸಂಖ್ಯೆ ಇಂದಿಗೂ ಉಪಯುಕ್ತ. ಕೋನವು ಸುಮಾರು 10 ಡಿಗ್ರಿಗಿಂತ ಕಡಿಮೆಯಿದ್ದಾಗ ಅನುಪಾತವನ್ನು 57.3ರಿಂದ ಗುಣಿಸಿದರೆ, ಕೋಷ್ಟಕವಾಗಲಿ ಕ್ಯಾಲ್ಕುಲೇಟರಾಗಲಿ ಇಲ್ಲದೆ ಕೋನವು ಡಿಗ್ರಿಗಳಲ್ಲಿ ಸಾಕಷ್ಟು ಸರಿಯಾಗಿ ದೊರೆಯುತ್ತದೆ. 0.03ನ್ನು ಹೀಗೆ ಗುಣಿಸಿದರೆ ಹಿಂದೆ ಹೇಳಿದ 1.72 ಡಿಗ್ರಿಯೇ ಬರುತ್ತದೆ.

ಒಂದು ಕೋಲು, ಒಂದು ನೆರಳು

ನೆರಳಿನ ಲೆಕ್ಕವನ್ನು ಶೋಳಿಂಗನಲ್ಲೂರಿನ ಯಾವುದೇ ಶಾಲೆಯ ಅಂಗಳದಲ್ಲಿ ಮಾಡಿ ನೋಡಬಹುದು. ಹಗಲು ರಾತ್ರಿಗಳು ಸಮವಾಗುವ ಮಾರ್ಚ್ 20 ಅಥವಾ 21ರಂದು, ಇಲ್ಲವೇ ಸೆಪ್ಟೆಂಬರ್ 22 ಅಥವಾ 23ರಂದು, 1 ಮೀಟರ್ ಉದ್ದದ ಕೋಲನ್ನು ತೂಗುಗುಂಡಿನ ಸಹಾಯದಿಂದ ನೇರವಾಗಿ ನಿಲ್ಲಿಸಬೇಕು. ನಡುಹಗಲಿನಲ್ಲಿ ನೆರಳು ಅತ್ಯಂತ ಗಿಡ್ಡವಾದಾಗ ಅದರ ಉದ್ದವನ್ನು ಅಳೆಯಬೇಕು. ಅದು ಸುಮಾರು 23 ಸೆಂಟಿಮೀಟರ್ ಇರುತ್ತದೆ. ಕೋಲು ಪಾರ್ಶ್ವಬಾಹು, ನೆರಳು ಅಭಿಮುಖ ಬಾಹು, ಕೋಲಿನ ತುದಿಯಿಂದ ನೆರಳಿನ ತುದಿಗೆ ಬರುವ ಬಿಸಿಲಿನ ಕಿರಣವೇ ವಿಕರ್ಣ. ಟ್ಯಾನ್ 0.23 ಆದುದರಿಂದ ಕೋಲಿನ ತುದಿಯಲ್ಲಿರುವ ಕೋನ ಸುಮಾರು 13 ಡಿಗ್ರಿ. ಆ ದಿನ ಸೂರ್ಯನು ಭೂಮಧ್ಯರೇಖೆಯ ನೇರಕ್ಕೆ ಇರುವುದರಿಂದ ಈ ಕೋನವೇ ಶೋಳಿಂಗನಲ್ಲೂರಿನ ಅಕ್ಷಾಂಶ. ಭೂಪಟವು ಸೂಚಿಸುವ ಅಕ್ಷಾಂಶ 12.9 ಡಿಗ್ರಿ. ಸೂರ್ಯನನ್ನು ಮುಟ್ಟದೆ, ಭೂಮಧ್ಯರೇಖೆಗೆ ಹೋಗದೆ, ಒಂದು ಅಳತೆಪಟ್ಟಿಯಿಂದ ಈ ಕೋನವು ಲಭಿಸಿತು.

ಬೆಂಗಳೂರಿನ ಅಕ್ಷಾಂಶ 12.97 ಡಿಗ್ರಿ. ಆದುದರಿಂದ ಅದೇ ದಿನ ಅಲ್ಲಿಯೂ 1 ಮೀಟರ್ ಕೋಲಿನ ನಡುಹಗಲ ನೆರಳು 23 ಸೆಂಟಿಮೀಟರೇ. ಬೆಂಗಳೂರು ಪಶ್ಚಿಮಕ್ಕಿರುವ ಕಾರಣ ಆ ನೆರಳು ಹತ್ತು ಮಿನಿಟಿನಷ್ಟು ತಡವಾಗಿ ಬೀಳುತ್ತದೆ. ಎರಡೂ ಊರುಗಳಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಸೂರ್ಯನು ನಡುನೆತ್ತಿಯ ಮೇಲೆ ಬಂದು ನೇರ ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ. ಅಂದು ಟ್ಯಾನ್ ಸೊನ್ನೆ, ಕೋನವೂ ಸೊನ್ನೆ.

ಕಡಲಿನಿಂದ ಕಡಲಿಗೆ

ಹೆಚ್ಚು ಕಡಿಮೆ ಒಂದೇ ಅಕ್ಷಾಂಶದಲ್ಲಿರುವ ಈ ಊರುಗಳ ದಾರಿಯನ್ನೇ ಲ್ಯಾಂಬ್ಟನ್ನನ ತ್ರಿಕೋನಗಳೂ ಹಿಡಿದವು. ಒಂದು ಬಾಹುವನ್ನು ನೆಲದ ಮೇಲೆ ಅಳೆದ ಬಳಿಕ, ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದನ್ನು ನೋಡಿ ಕೋನಗಳನ್ನು ಗುರುತಿಸಿದರೆ ಉಳಿದೆರಡು ಬಾಹುಗಳು ಲೆಕ್ಕದಿಂದಲೇ ದೊರೆಯುತ್ತವೆ. ತ್ರಿಭುಜವು ಲಂಬಕೋನದ್ದಾಗಿರದಿದ್ದರೂ, ಶೃಂಗದಿಂದ ಎದುರು ಬಾಹುವಿಗೆ ಲಂಬವನ್ನೆಳೆದರೆ ಅದು ಎರಡು ಲಂಬಕೋನ ತ್ರಿಭುಜಗಳಾಗುತ್ತದೆ. ಹೀಗೆ ದೊರೆತ ಬಾಹುವಿನ ಮೇಲೆ ಮತ್ತೊಂದು ತ್ರಿಭುಜ, ಅದರ ಮೇಲೆ ಇನ್ನೊಂದು. ಕೋನಗಳನ್ನು ನೋಡಲು ಬಳಸಿದ ದೊಡ್ಡ ಥಿಯೊಡೊಲೈಟ್ ಯಂತ್ರವು ಅರ್ಧ ಟನ್ನಿನಷ್ಟು ಭಾರವಿತ್ತು. ಅದನ್ನು ಬೆಟ್ಟಗಳ ನೆತ್ತಿಗೆ ಹೊತ್ತವರ, ಬಾವುಟ ಹಿಡಿದು ದಿನಗಟ್ಟಲೆ ನಿಂತವರ ಹೆಸರುಗಳು ಉಳಿದಿಲ್ಲ. ಅವರಲ್ಲಿ ಹಲವರು ಕಾಡಿನ ಜ್ವರಕ್ಕೆ ಬಲಿಯಾದರು.

1804ರಲ್ಲಿ ಬೆಂಗಳೂರಿನ ಸಮೀಪ ಮತ್ತೊಂದು ರೇಖೆಯನ್ನು ನೆಲದ ಮೇಲೆ ನಿಜವಾಗಿ ಅಳೆದು, ಚೆನ್ನೈಯಿಂದ ತ್ರಿಕೋನಗಳ ಮೂಲಕ ಬಂದ ಲೆಕ್ಕದೊಡನೆ ಹೋಲಿಸಲಾಯಿತು. ಎರಡಕ್ಕೂ ಇದ್ದ ಅಂತರ ನಾಲ್ಕು ಅಂಗುಲಕ್ಕಿಂತ ಕಡಿಮೆ! ಮುಂದೆ ತ್ರಿಕೋನಗಳು ಮಂಗಳೂರಿನ ಕಡಲತೀರವನ್ನು ಮುಟ್ಟಿದಾಗ, ಅಂದಿನ ಭೂಪಟಗಳು ಸುಮಾರು 400 ಮೈಲಿ ಎಂದು ತೋರಿಸುತ್ತಿದ್ದ ಪರ್ಯಾಯದ್ವೀಪದ ಅಗಲವು ವಾಸ್ತವವಾಗಿ ಸುಮಾರು 360 ಮೈಲಿ ಮಾತ್ರ ಎಂಬುದು ಸ್ಪಷ್ಟವಾಯಿತು. ದಶಕಗಳ ನಂತರ ಇದೇ ಕಾರ್ಯವು ಹಿಮಾಲಯದವರೆಗೆ ಹಬ್ಬಿತು. ಅಲ್ಲಿಯ ಅತ್ಯುನ್ನತ ಶಿಖರದ ಲೆಕ್ಕದಲ್ಲಿ ಬಂಗಾಳದ ಗಣಿತಜ್ಞ ರಾಧಾನಾಥ ಶಿಕ್‌ದಾರ್ ಪ್ರಮುಖ ಪಾತ್ರ ವಹಿಸಿದರು. 1856ರಲ್ಲಿ ಪ್ರಕಟವಾದ ಎತ್ತರ 29,002 ಅಡಿ. 2020ರಲ್ಲಿ ಪ್ರಕಟವಾದ ಎತ್ತರ 8,848.86 ಮೀಟರ್, ಎಂದರೆ ಸುಮಾರು 29,032 ಅಡಿ. ಬಯಲಿನಲ್ಲಿ ನಿಂತು ನೋಡಿದ ಕೋನಗಳಿಂದ ಬಂದ ಉತ್ತರಕ್ಕೂ ಇಂದಿನ ಉತ್ತರಕ್ಕೂ ಇರುವ ವ್ಯತ್ಯಾಸ 30 ಅಡಿ.

ಏಣಿ ಮತ್ತು ಇಳಿಜಾರು ದಾರಿ

ಈ ವಿದ್ಯೆ ಶಿಖರಗಳಿಗಷ್ಟೇ ಮೀಸಲಲ್ಲ. ಗೋಡೆಗೆ ಬಣ್ಣ ಬಳಿಯುವವನು 5 ಮೀಟರಿನ ಏಣಿಯನ್ನು ಒರಗಿಸುತ್ತಾನೆ. ಏಣಿಯ ಬುಡವು ಗೋಡೆಯಿಂದ 2.5 ಮೀಟರ್ ದೂರದಲ್ಲಿದ್ದರೆ ಕೊಸೈನ್ 0.5, ನೆಲದೊಡನೆ ಏಣಿಯ ಕೋನ 60 ಡಿಗ್ರಿ. ಇಷ್ಟು ವಾಲಿದ ಏಣಿಯ ಮೇಲಕ್ಕೆ ಹತ್ತಿದಂತೆಲ್ಲ ಬುಡವು ಹಿಂದಕ್ಕೆ ಜಾರುವ ಸಂಭವ ಹೆಚ್ಚುತ್ತದೆ. ಸುರಕ್ಷಿತವೆಂದು ಎಲ್ಲೆಡೆ ಅಂಗೀಕೃತವಾಗಿರುವ ಕೋನ ಸುಮಾರು 75 ಡಿಗ್ರಿ. ಅದಕ್ಕಾಗಿ ಕೋನಮಾಪಕ ಬೇಕಿಲ್ಲ. 75 ಡಿಗ್ರಿಯ ಕೊಸೈನ್ ಕಾಲು ಭಾಗಕ್ಕೆ ಅತಿ ಸಮೀಪವಿರುವುದರಿಂದ, ಏಣಿಯ ಉದ್ದದ ಕಾಲು ಭಾಗದಷ್ಟು ದೂರದಲ್ಲಿ ಬುಡವನ್ನಿಟ್ಟರೆ ಸಾಕು. 5 ಮೀಟರಿನ ಏಣಿಗೆ 1.25 ಮೀಟರ್. ಈ ಒಂದು ಭಾಗಾಕಾರವು ಒಬ್ಬ ಕೂಲಿಕಾರನ ಬೆನ್ನುಮೂಳೆಯನ್ನು ಉಳಿಸಬಲ್ಲದು.

ಗಾಲಿಕುರ್ಚಿಯಲ್ಲಿ ಸಂಚರಿಸುವವರಿಗಾಗಿ ನಿರ್ಮಿಸುವ ಇಳಿಜಾರು ದಾರಿಯ ವಿಷಯವೂ ಇಂತಹುದೇ. 1 ಅಡಿ ಏರಿಗೆ ಕನಿಷ್ಠ 12 ಅಡಿ ಉದ್ದವಿರಬೇಕೆಂಬುದು ಅಂಗೀಕೃತ ಮಾನ. ಟ್ಯಾನ್ 0.083, ಕೋನ 4.8 ಡಿಗ್ರಿ. 15 ಸೆಂಟಿಮೀಟರಿನ ಮೂರು ಮೆಟ್ಟಿಲುಗಳಿರುವ ಕಚೇರಿಯೊಂದರ ಬಾಗಿಲಿಗೆ 45 ಸೆಂಟಿಮೀಟರ್ ಏರಬೇಕಾದರೆ ಇಳಿಜಾರು 5.4 ಮೀಟರ್ ಚಾಚಿರಬೇಕು. ಸ್ಥಳವಿಲ್ಲವೆಂದು 1.5 ಮೀಟರಿನಲ್ಲಿಯೇ ಮುಗಿಸಿದರೆ ಟ್ಯಾನ್ 0.3, ಕೋನ ಸುಮಾರು 17 ಡಿಗ್ರಿ. ನೋಡುವವರಿಗೆ ಅಲ್ಲಿ ಇಳಿಜಾರು ದಾರಿಯಿದೆ. ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಅದು ಮುಚ್ಚಿದ ಬಾಗಿಲು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 2016ರಲ್ಲಿ ಅಂಗೀಕೃತವಾಗಿದ್ದರೂ, ಹಕ್ಕು ನಿಜವಾಗಿ ಕೈಗೂಡುವುದು ಈ 4.8 ಡಿಗ್ರಿಯಲ್ಲಿ.

ನೀರು ಕಾಣುವ ಕೋನ

ಕೊನೆಯ ಉದಾಹರಣೆಯು ಶೋಳಿಂಗನಲ್ಲೂರಿನ ನೆಲಕ್ಕೇ ಸೇರಿದುದು. ಪಳ್ಳಿಕರಣೈ ಜೌಗುನೆಲದಲ್ಲಿ ಸಂಗ್ರಹವಾಗುವ ಮಳೆಯ ನೀರು ಒಕ್ಕಿಯಂ ಮಡುವಿನ ಮೂಲಕ ಬಕಿಂಗ್‌ಹ್ಯಾಮ್ ಕಾಲುವೆಯನ್ನು ಸೇರಿ, ದಕ್ಷಿಣಕ್ಕೆ ಕೋವಳಂ ಬಳಿ ಸಮುದ್ರವನ್ನು ತಲಪಬೇಕು. ದಾರಿಯುದ್ದಕ್ಕೂ ನೆಲದ ಇಳಿಜಾರು ಅತ್ಯಲ್ಪ. 2015ರ ಡಿಸೆಂಬರ್ ಮಳೆಯಲ್ಲಿಯೂ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿಯೂ ಈ ತಗ್ಗು ಪ್ರದೇಶದ ಅನೇಕ ಬಡಾವಣೆಗಳು ಜಲಾವೃತವಾದವು. ಅತಿವೃಷ್ಟಿ, ಜೌಗುನೆಲದ ಒತ್ತುವರಿ, ಕಾಲುವೆಗಳ ಸಂಕೋಚ ಮೊದಲಾದ ಕಾರಣಗಳು ಅಲ್ಲಿ ಕೂಡಿಕೊಂಡಿವೆ. ಆದರೆ ಇಂತಹ ನೆಲದಲ್ಲಿ ಚರಂಡಿಯನ್ನು ಕಟ್ಟುವವರು ಎಷ್ಟು ಎಚ್ಚರದಿಂದಿರಬೇಕೆಂಬುದನ್ನು ತ್ರಿಕೋನಮಿತಿಯು ತೋರಿಸಿಕೊಡುತ್ತದೆ.

1,000 ಮೀಟರಿಗೆ 1 ಮೀಟರ್ ಇಳಿಯುವ ಚರಂಡಿಯಲ್ಲಿ ಟ್ಯಾನ್ 0.001. ಕೋನವು 0.057 ಡಿಗ್ರಿ, ಎಂದರೆ ಮೂರೂವರೆ ಮಿನಿಟಿಗೂ ಕಡಿಮೆ. ಶಾಲೆಯ ಕೋನಮಾಪಕದಲ್ಲಿರುವ ಅತಿ ಸಣ್ಣ ಗುರುತು 1 ಡಿಗ್ರಿ. ಅದರಿಂದಾಗಲಿ ಕಣ್ಣಂದಾಜಿನಿಂದಾಗಲಿ ಇಳಿಜಾರನ್ನು ನಿಗದಿಪಡಿಸಿ ಕೇವಲ ಅರ್ಧ ಡಿಗ್ರಿ ತಪ್ಪಿದರೂ 100 ಮೀಟರಿನ ಚರಂಡಿಯಲ್ಲಿ 87 ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ. 10 ಸೆಂಟಿಮೀಟರ್ ಇಳಿಯಬೇಕಾಗಿದ್ದ ನೀರು 77 ಸೆಂಟಿಮೀಟರ್ ಏರಬೇಕಾದ ಸ್ಥಿತಿ ಬರಬಹುದು. ನೀರು ಏರುವುದಿಲ್ಲ, ಮನೆಯೊಳಕ್ಕೆ ಹಿಂದಿರುಗುತ್ತದೆ. ಆದುದರಿಂದಲೇ ಇಂತಹ ಕೋನವನ್ನು ಯಾರೂ ನೇರವಾಗಿ ಅಳೆಯಲು ಹೋಗುವುದಿಲ್ಲ. ಗಾರೆ ಕೆಲಸದವರು ನೀರು ತುಂಬಿದ ಪಾರದರ್ಶಕ ಕೊಳವೆಯನ್ನು ಎರಡು ತುದಿಗಳಲ್ಲಿ ಎತ್ತಿ ಹಿಡಿದು ಮಟ್ಟಗಳ ವ್ಯತ್ಯಾಸವನ್ನು ಸೆಂಟಿಮೀಟರಿನಲ್ಲಿ ಗುರುತಿಸುತ್ತಾರೆ. ಸರ್ವೇಕ್ಷಕರು ಇದನ್ನೇ ಮಟ್ಟ ನೋಡುವ ದೂರದರ್ಶಕದಿಂದ ಮಾಡುತ್ತಾರೆ. ಇಳಿತವನ್ನು ಉದ್ದದಿಂದ ಭಾಗಿಸಿದರೆ ಕೋನವು ತಾನಾಗಿಯೇ ದೊರೆಯುತ್ತದೆ. ಗಾರೆಯವನು ಟ್ಯಾನ್ ಎಂಬ ಹೆಸರನ್ನು ಹೇಳದಿದ್ದರೂ ಮಾಡುವುದು ಅದನ್ನೇ.

ಕೇಳುಗರು ಮನೆಗೆ ಹಿಂದಿರುಗಿದ ಮೇಲೆ ಒಂದು ಕೆಲಸವನ್ನು ಮಾಡಬಹುದು. ಮಕ್ಕಳ ಶಾಲೆಯಲ್ಲಿಯೋ ಹತ್ತಿರದ ಆಸ್ಪತ್ರೆಯಲ್ಲಿಯೋ ಇರುವ ಇಳಿಜಾರು ದಾರಿಯ ಏರನ್ನೂ ಸಮತಲದ ಉದ್ದವನ್ನೂ ಅಳತೆಪಟ್ಟಿಯಿಂದ ಅಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 57.3ರಿಂದ ಗುಣಿಸಬೇಕು. ಉತ್ತರವು 5ರ ಒಳಗಿದ್ದರೆ ದಾರಿ ಹೆಚ್ಚುಕಡಿಮೆ ಸರಿಯಾಗಿದೆ ಎನ್ನಬಹುದು. ಅದಕ್ಕಿಂತ ಹೆಚ್ಚಿದ್ದರೆ, ಆ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು ಸಂಬಂಧಪಟ್ಟವರಿಗೆ ಒಪ್ಪಿಸಬೇಕು. 'ಕಡಿದಾಗಿದೆ' ಎಂಬ ದೂರನ್ನು ಅಲ್ಲಗಳೆಯುವುದು ಸುಲಭ. ಅಳೆದು ಭಾಗಿಸಿ ತೆಗೆದ ಸಂಖ್ಯೆಯನ್ನು ಅಲ್ಲಗಳೆಯಬೇಕಾದವರು ತಾವೂ ಅಳೆಯಬೇಕಾಗುತ್ತದೆ.